ಮೊದಲ ಬೇಟೆಗೆ ದೊಡ್ಡ ಕೊಂಬಿನ ಜಿಂಕೆಯೇ ಆಗಬೇಕೆ? ಅಮೆರಿಕದ ಎಳೆಯ ಬೇಟೆಗಾರರು, ಕೆಲವು ನಂಬಿಕೆಗಳು ಮತ್ತು ವಾಸ್ತವ

ನವೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ನೆಂಟರು, ಗೆಳೆಯರ ಮೂಲಕ ನಮ್ಮ ಫೋನಿಗೂ ಒಂದು ಬಗೆಯ ಫೋಟೊ ಬರುವುದುಂಟು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹನ್ನೆರಡು-ಹದಿಮೂರು ವರ್ಷದ ಹುಡುಗನೋ ಹುಡುಗಿಯೋ ಮಂಡಿಯೂರಿ ಕೂತಿರುತ್ತಾರೆ, ಪಕ್ಕದಲ್ಲಿ ಒಂದು ಗಂಡು ಜಿಂಕೆ. ಫೋಟೊದ ಕೆಳಗೆ ಎರಡು ಬಗೆಯ ಮಾತು ಕಾಣುತ್ತವೆ. ಒಂದು, "ಅಭಿನಂದನೆ". ಇನ್ನೊಂದು, "ಇಷ್ಟು ಚಿಕ್ಕದನ್ನು ಯಾಕೆ ಹೊಡೆದೆ? ಇನ್ನೆರಡು ವರ್ಷ ಬಿಟ್ಟಿದ್ದರೆ ದೊಡ್ಡದಾಗುತ್ತಿತ್ತಲ್ಲ". ಇದರ ಜೊತೆಗೆ "ಕೊಂಬಿನ ಕವಲು ಎಣಿಸಿದರೆ ಜಿಂಕೆಯ ವಯಸ್ಸು ಗೊತ್ತಾಗುತ್ತದೆ" ಎಂಬಂಥ 'ಮಾಹಿತಿ'ಯೂ ತಿರುಗಾಡುತ್ತಿರುತ್ತದೆ.

ಬೇಟೆ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ನಾವು ನೋಡುವುದು ಒಂದೇ ಪ್ರಶ್ನೆಯನ್ನು. ಕಾನೂನು ಅನುಮತಿ ಕೊಟ್ಟಿರುವ ಕಡೆ, ಬೇಟೆ ಕಲಿಯುತ್ತಿರುವ ಮಗು ದೊಡ್ಡ ಕೊಂಬಿನ 'ಟ್ರೋಫಿ' ಜಿಂಕೆಗಾಗಿಯೇ ಕಾದು ಕೂರಬೇಕೆ?

ಚಿಕ್ಕ ಉತ್ತರ

ಬೇಕಿಲ್ಲ. ಕೊಂಬಿನ ಅಳತೆಗೂ ಜಿಂಕೆ ಹಿಂಡಿನ ಆರೋಗ್ಯಕ್ಕೂ ಜನ ಅಂದುಕೊಂಡಷ್ಟು ನೇರ ಸಂಬಂಧವಿಲ್ಲ. ಕಾಯುವುದಕ್ಕೆ ಒಳ್ಳೆಯ ಕಾರಣಗಳಿವೆ ನಿಜ. ಆದರೆ ಅವು ಅನುಭವಿ ಬೇಟೆಗಾರರಿಗೆ ಹೊಂದುವ ಕಾರಣಗಳು. ಕೆಲವು ರಾಜ್ಯಗಳ ನಿಯಮಗಳೇ ಮಕ್ಕಳಿಗೆ ಈ ವಿಷಯದಲ್ಲಿ ವಿನಾಯಿತಿ ಕೊಟ್ಟಿವೆ.

ಅಲ್ಲಿ ಜಿಂಕೆ ಬೇಟೆಗೆ ಅನುಮತಿ ಏಕೆ?

ನಾವು ಮಾತಾಡುತ್ತಿರುವುದು ಬಿಳಿಬಾಲದ ಜಿಂಕೆಯ ಬಗ್ಗೆ. 1900ರ ಹೊತ್ತಿಗೆ ಲಂಗುಲಗಾಮಿಲ್ಲದ ಬೇಟೆ, ಮಾಂಸ ಮತ್ತು ಚರ್ಮದ ವ್ಯಾಪಾರ, ಕಾಡು ಕಡಿತ ಎಲ್ಲ ಸೇರಿ ಇಡೀ ಅಮೆರಿಕದಲ್ಲಿ ಸುಮಾರು 5 ಲಕ್ಷ ಅಥವಾ ಅದಕ್ಕೂ ಕಡಿಮೆ ಜಿಂಕೆಗಳು ಉಳಿದಿದ್ದವು ಎಂಬ ಅಂದಾಜಿದೆ. 1900ರ ಲೇಸಿ ಕಾಯ್ದೆ ಅಕ್ರಮವಾಗಿ ಕೊಂದ ಕಾಡುಪ್ರಾಣಿಗಳ ಅಂತರರಾಜ್ಯ ಸಾಗಣೆಗೆ ತಡೆ ಹಾಕಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮತ್ತು ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ಇಂದು ಈ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ ಎಂದು ಅಂದಾಜಿಸಲಾಗಿದೆ.

ತೋಳ, ಪೂಮಾದಂಥ ಪ್ರಾಣಿಗಳು ಬಹಳಷ್ಟು ಕಡೆ ಇಲ್ಲವಾಗಿರುವುದರಿಂದ ಜಿಂಕೆಗಳ ಸಂಖ್ಯೆ ಹತೋಟಿಗೆ ಬರುವುದು ಕಷ್ಟ. ಬೆಳೆ ಹಾನಿ, ಕಾಡಿನ ಸಸಿಗಳ ನಾಶ, ರಸ್ತೆ ಅಪಘಾತ, ಹೀಗೆ ತೊಂದರೆಗಳ ಪಟ್ಟಿ ಉದ್ದವಿದೆ. ಹಾಗಾಗಿ ಪ್ರತಿ ರಾಜ್ಯವೂ ಲೈಸೆನ್ಸ್, ಋತು, ಮಿತಿ ಎಲ್ಲವನ್ನೂ ಗೊತ್ತುಪಡಿಸಿ ಬೇಟೆಗೆ ಬಿಡುತ್ತದೆ. ಪೆನ್ಸಿಲ್ವೇನಿಯಾದಂಥ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರ ಅನೇಕ ಶಾಲೆಗಳಿಗೆ ರಜೆ ಇರುವುದು ಈ ಸಂಪ್ರದಾಯದಿಂದಲೇ ಬಂದದ್ದು.

'ಟ್ರೋಫಿ' ಎಂದರೆ ಎಷ್ಟು ದೊಡ್ಡದು?

1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ ಸೇರಿ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಕೊಂಬುಗಳನ್ನು ಅಳೆಯಲು ಈ ಕ್ಲಬ್ 1950ರಲ್ಲಿ ತಂದ ಪದ್ಧತಿಯೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮುಖ್ಯ ಕೊಂಬಿನ ಉದ್ದ, ಪ್ರತಿ ಕವಲಿನ ಉದ್ದ, ಕೊಂಬಿನ ಸುತ್ತಳತೆ, ಎರಡು ಕೊಂಬುಗಳ ನಡುವಿನ ಅಗಲ ಎಲ್ಲವನ್ನೂ ಇಂಚಿನಲ್ಲಿ ಅಳೆದು ಕೂಡುತ್ತಾರೆ. ಎಡಬಲ ಒಂದೇ ಸಮ ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಕಳೆಯುತ್ತಾರೆ. ಸಾಮಾನ್ಯ ಆಕಾರದ ಕೊಂಬು ಇವರ ಶಾಶ್ವತ ದಾಖಲೆ ಪುಸ್ತಕ ಸೇರಲು 170 ಅಂಕ ಬೇಕು. ಈ ವರ್ಗದ ವಿಶ್ವದಾಖಲೆ 1993ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಸಿಕ್ಕ ಜಿಂಕೆಯದು, 213 ಅಂಕಕ್ಕೂ ಸ್ವಲ್ಪ ಹೆಚ್ಚು.

170 ಅಂಕದ ಜಿಂಕೆಯನ್ನು ಜೀವಮಾನವಿಡೀ ಬೇಟೆಯಾಡಿದವರೂ ಕಾಣದೇ ಇರಬಹುದು. ಟಿವಿ ಮತ್ತು ಯೂಟ್ಯೂಬ್ ವಿಡಿಯೊಗಳಲ್ಲಿ ಕಾಣುವ ಭಾರೀ ಕೊಂಬುಗಳಲ್ಲಿ ಹಲವು ಚೆನ್ನಾಗಿ ಕಾಪಾಡಿದ ದೊಡ್ಡ ಖಾಸಗಿ ಜಮೀನುಗಳಿಂದ ಬಂದವು. ಸಾರ್ವಜನಿಕ ಕಾಡಿನಲ್ಲಿ ವಾರಾಂತ್ಯಕ್ಕೊಮ್ಮೆ ಕೂರುವ ಮಗುವಿಗೆ ಅದನ್ನು ಅಳತೆಗೋಲು ಮಾಡುವುದು, ಗಲ್ಲಿ ಕ್ರಿಕೆಟ್ ಆಡುವ ಹುಡುಗನಿಗೆ ಮೊದಲ ದಿನವೇ ಶತಕ ಬಾರಿಸು ಎಂದ ಹಾಗೆ.

ನಂಬಿಕೆ 1: ಕವಲು ಎಣಿಸಿದರೆ ವಯಸ್ಸು ಸಿಗುತ್ತದೆ

ತಪ್ಪು. ಜಿಂಕೆಯ ಕವಲುಕೊಂಬು ಮೂಳೆ. ಅದು ಪ್ರತಿವರ್ಷ ಚಳಿಗಾಲದಲ್ಲಿ ಉದುರಿ, ವಸಂತದಲ್ಲಿ ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ಚರ್ಮ ಅದಕ್ಕೆ ರಕ್ತ ಒದಗಿಸುತ್ತದೆ. ಸಸ್ತನಿಗಳಲ್ಲಿ ಇಷ್ಟು ವೇಗವಾಗಿ ಬೆಳೆಯುವ ಅಂಗಾಂಶ ಅಪರೂಪ. ಹೀಗೆ ವರ್ಷ ವರ್ಷ ಹೊಸದಾಗಿ ಬರುವ ಕೊಂಬು, ಮರದ ಕಾಂಡದ ಉಂಗುರದ ಹಾಗೆ ವಯಸ್ಸಿನ ಲೆಕ್ಕ ಇಡುವುದಿಲ್ಲ.

ಕವಲುಗಳ ಸಂಖ್ಯೆ ಮೂರು ವಿಷಯಗಳನ್ನು ಅವಲಂಬಿಸಿದೆ: ವಯಸ್ಸು, ಆಹಾರ ಮತ್ತು ವಂಶ. ಒಳ್ಳೆಯ ಮೇವು ಸಿಕ್ಕಿದ ಒಂದೂವರೆ ವರ್ಷದ ಜಿಂಕೆಗೆ 8 ಕವಲು ಇರಬಹುದು. ಅದೇ ವಯಸ್ಸಿನ ಇನ್ನೊಂದಕ್ಕೆ ಕವಲೇ ಇಲ್ಲದ, ಮೊಳೆಯಂಥ ಎರಡು ಕೊಂಬು ಇರಬಹುದು. ಬಿಳಿಬಾಲದ ಜಿಂಕೆಯ ಕೊಂಬು ಸಾಮಾನ್ಯವಾಗಿ 5ರಿಂದ 7 ವರ್ಷದ ನಡುವೆ ತನ್ನ ಗರಿಷ್ಠ ಗಾತ್ರ ಮುಟ್ಟುತ್ತದೆ. ತೀರಾ ವಯಸ್ಸಾದ ಮೇಲೆ ಚಿಕ್ಕದಾಗುವುದೂ ಉಂಟು.

ವಯಸ್ಸು ಹೇಳುವುದು ಹಲ್ಲು. ಕೆಳದವಡೆಯ ಮೂರನೆಯ ಮುಂದವಡೆ ಹಲ್ಲು ಹಾಲುಹಲ್ಲಾಗಿದ್ದಾಗ ಅದಕ್ಕೆ ಮೂರು ಉಬ್ಬು ಇರುತ್ತವೆ. ಸುಮಾರು ಒಂದೂವರೆ ವರ್ಷದಲ್ಲಿ ಅದು ಬಿದ್ದು, ಎರಡು ಉಬ್ಬಿನ ಹಲ್ಲು ಬರುತ್ತದೆ. ಅಲ್ಲಿಂದ ಮುಂದೆ ಹಲ್ಲಿನ ಸವೆತ ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಹಲ್ಲಿನ ಬೇರಿನ ಪದರಗಳನ್ನೂ ಎಣಿಸುತ್ತಾರೆ.

ನಂಬಿಕೆ 2: ಮೊಳೆಕೊಂಬಿನ ಜಿಂಕೆ ಕಳಪೆ ತಳಿ, ಅದನ್ನು ತೆಗೆದರೆ ತಳಿ ಸುಧಾರಿಸುತ್ತದೆ

ಇದು ಹಳೆಯ ಚರ್ಚೆ. ಟೆಕ್ಸಾಸ್‌ನ ಕೆರ್ ವನ್ಯಜೀವಿ ಕೇಂದ್ರದಲ್ಲಿ ಬೇಲಿಯೊಳಗೆ ಸಾಕಿದ ಜಿಂಕೆಗಳ ಮೇಲೆ ನಡೆದ ಅಧ್ಯಯನಗಳು ಕೊಂಬಿನ ಗಾತ್ರಕ್ಕೆ ವಂಶದ ಪಾಲಿದೆ ಎಂದು ತೋರಿಸಿದವು. ಅದು ಸರಿಯೇ. ಆದರೆ ತೆರೆದ ಕಾಡಿನ ಲೆಕ್ಕ ಬೇರೆ. ತಡವಾಗಿ ಹುಟ್ಟಿದ ಮರಿ, ಬರಗಾಲದಲ್ಲಿ ಬೆಳೆದ ಮರಿ, ತಾಯಿಗೆ ಸರಿಯಾಗಿ ಮೇವು ಸಿಗದೆ ಹುಟ್ಟಿದ ಮರಿ, ಇವುಗಳಿಗೆ ಮೊದಲ ವರ್ಷ ಚಿಕ್ಕ ಕೊಂಬು ಬರುವುದು ಸಹಜ. ಮುಂದೆ ಅವುಗಳಲ್ಲಿ ಅನೇಕ ಚೆನ್ನಾಗಿಯೇ ಬೆಳೆಯುತ್ತವೆ. ದಕ್ಷಿಣ ಟೆಕ್ಸಾಸ್‌ನ ಕೊಮಾಂಚಿ ರ‍್ಯಾಂಚ್‌ನಲ್ಲಿ ವರ್ಷಗಟ್ಟಲೆ ಚಿಕ್ಕ ಕೊಂಬಿನ ಗಂಡುಗಳನ್ನು ಆರಿಸಿ ತೆಗೆದು ನೋಡಿದರು. ಅದರಿಂದ ಹಿಂಡಿನ ಕೊಂಬಿನ ಗಾತ್ರ ಹೆಚ್ಚಲಿಲ್ಲ.

ಅಂದರೆ ಮಗು ಮೊಳೆಕೊಂಬಿನ ಜಿಂಕೆಯನ್ನು ಹೊಡೆದರೆ ತಳಿ ಸುಧಾರಿಸುವುದೂ ಇಲ್ಲ, ಕೆಡುವುದೂ ಇಲ್ಲ. ಎರಡೂ ಕಡೆಯ ವಾದ ಅತಿರೇಕದ್ದು.

ನಂಬಿಕೆ 3: ಎಳೆಯ ಗಂಡನ್ನು ಹೊಡೆದರೆ ಸಂತತಿಗೆ ಪೆಟ್ಟು

ಹಿಂಡಿನ ಸಂಖ್ಯೆ ನಿಂತಿರುವುದು ಹೆಣ್ಣು ಜಿಂಕೆಗಳ ಮೇಲೆ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಹಾಗಾಗಿ ಒಂದು ಗಂಡು ಕಡಿಮೆಯಾದರೆ ಮುಂದಿನ ವರ್ಷ ಹುಟ್ಟುವ ಮರಿಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. "ದೊಡ್ಡ ಕೊಂಬಿನ ಯಜಮಾನನೇ ಎಲ್ಲ ಮರಿಗಳ ತಂದೆ" ಎಂಬುದೂ ನಿಜವಲ್ಲ. ಡಿಎನ್‌ಎ ಪರೀಕ್ಷೆಗಳಲ್ಲಿ ಎಳೆಯ ಗಂಡುಗಳೂ ತಂದೆಯಾಗಿರುವುದು ಕಂಡಿದೆ. ಒಂದೇ ಸೂಲಿನ ಅವಳಿ ಮರಿಗಳಿಗೆ ಬೇರೆ ಬೇರೆ ತಂದೆ ಇರುವುದೂ ಕಂಡಿದೆ.

ಸಂಖ್ಯೆ ಹತೋಟಿಯಲ್ಲಿಡಬೇಕಾದ ಕಡೆ ವನ್ಯಜೀವಿ ಇಲಾಖೆಗಳೇ ಹೆಣ್ಣು ಜಿಂಕೆಯ ಬೇಟೆಗೆ ಹೆಚ್ಚು ಪರ್ಮಿಟ್ ಕೊಡುತ್ತವೆ. ಅಂಥ ಕಡೆ ಮಗುವಿನ ಮೊದಲ ಬೇಟೆ ಕೊಂಬೇ ಇಲ್ಲದ ಹೆಣ್ಣು ಜಿಂಕೆಯಾದರೆ, ಹಿಂಡಿನ ನಿರ್ವಹಣೆಗೆ ನಿಜವಾಗಿ ನೆರವಾಗುವುದು ಅದೇ.

ಹಾಗಾದರೆ ಕಾಯಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಗಂಡುಗಳೆಲ್ಲ ಒಂದೂವರೆ ವರ್ಷಕ್ಕೇ ಬಲಿಯಾದರೆ ಹಿಂಡಿನಲ್ಲಿ ಬಲಿತ ಗಂಡುಗಳೇ ಉಳಿಯುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ 2002ಕ್ಕೆ ಮೊದಲು ಬೇಟೆಯಾದ ಗಂಡುಗಳಲ್ಲಿ ಐದಕ್ಕೆ ನಾಲ್ಕರಷ್ಟು ಇದೇ ವಯಸ್ಸಿನವು. ಆ ವರ್ಷ ರಾಜ್ಯ ಕವಲಿನ ಕನಿಷ್ಠ ಮಿತಿ ತಂದಿತು. ರಾಜ್ಯದ ಬಹುಪಾಲು ಕಡೆ ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 3 ಕವಲು ಇರಬೇಕು. ದೇಶದುದ್ದಕ್ಕೂ ಬೇಟೆಗಾರರು ತಾವಾಗಿಯೇ ಎಳೆಯವನ್ನು ಬಿಡುವುದು ಹೆಚ್ಚಾಗಿದೆ. 1989ರಲ್ಲಿ ಬೇಟೆಯಾದ ಗಂಡುಗಳಲ್ಲಿ ಶೇ 62ರಷ್ಟು ಒಂದೂವರೆ ವರ್ಷದವಾಗಿದ್ದವು. ಈಚಿನ ವರ್ಷಗಳಲ್ಲಿ ಆ ಪಾಲು ಮೂರನೇ ಒಂದಕ್ಕಿಂತ ಕೆಳಗಿಳಿದಿದೆ.

ಆದರೆ ಅದೇ ಪೆನ್ಸಿಲ್ವೇನಿಯಾ, ಜೂನಿಯರ್ ಲೈಸೆನ್ಸ್ ಇರುವ ಮಕ್ಕಳಿಗೆ 3 ಕವಲಿನ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಎರಡು ಕವಲಿನದೋ, 3 ಇಂಚಿನ ಮೊಳೆಕೊಂಬಿನದೋ ಸಿಕ್ಕರೂ ಅವರಿಗೆ ಕಾನೂನುಬದ್ಧ. ಹಿಂಡಿನ ವಯಸ್ಸು ಸುಧಾರಿಸಬೇಕೆಂದು ನಿಯಮ ತಂದವರೇ ಮಕ್ಕಳನ್ನು ಹೊರಗಿಟ್ಟಿದ್ದಾರೆ. ಮಕ್ಕಳ ಬೇಟೆಯ ಪಾಲು ಚಿಕ್ಕದು, ಅವರ ಕಲಿಕೆ ಮುಖ್ಯ.

ಇನ್ನೊಂದು ವಿಷಯ. ಎಳೆಯ ಗಂಡುಗಳಲ್ಲಿ ಬಹಳಷ್ಟು ಹುಟ್ಟಿದ ಜಾಗ ಬಿಟ್ಟು ಹಲವು ಕಿಲೋಮೀಟರ್ ದೂರ ಹೋಗಿ ನೆಲೆಸುತ್ತವೆ. ಚಿಕ್ಕ ಜಮೀನಿನಲ್ಲಿ "ಬಿಡು, ಮುಂದಿನ ವರ್ಷ ಇದೇ ಜಿಂಕೆ ದೊಡ್ಡದಾಗಿ ಬರುತ್ತೆ" ಎಂದು ಮಗುವಿಗೆ ಹೇಳುವ ಮಾತಿಗೆ ಗ್ಯಾರಂಟಿ ಇಲ್ಲ.

ಮಕ್ಕಳಿಗೆ ಬೇರೆ ಲೆಕ್ಕ ಏಕೆ?

ಜಿಂಕೆ ಕಂಡ ಕೂಡಲೇ ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ಗುರಿ ತಪ್ಪುವುದಕ್ಕೆ ಅಲ್ಲಿ 'ಬಕ್ ಫೀವರ್' ಎನ್ನುತ್ತಾರೆ. ಇದು ಅಡ್ರಿನಲಿನ್ ಹಾರ್ಮೋನಿನ ಕೆಲಸ. ಕೊಂಬು ದೊಡ್ಡದಾದಷ್ಟೂ ನಡುಕ ಹೆಚ್ಚು. ನಡುಗುವ ಕೈಯ ಗುಂಡು ಹೃದಯ, ಶ್ವಾಸಕೋಶಕ್ಕೆ ಬೀಳುವ ಬದಲು ಹೊಟ್ಟೆಗೋ ಕಾಲಿಗೋ ಬಿದ್ದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಆದ್ದರಿಂದ ಕಲಿಯುವ ಮಗುವಿಗೆ ಸರಿಯಾದ ಜಿಂಕೆ ಎಂದರೆ ಹತ್ತಿರದಲ್ಲಿ, ಪಕ್ಕ ತಿರುಗಿ, ನಿಂತಿರುವ ಜಿಂಕೆ. ತಲೆಯ ಮೇಲೆ ಏನಿದೆ ಎಂಬುದು ಆಮೇಲಿನ ಮಾತು.

ನಿಜವಾಗಿ 'ಕಾಯಬೇಕಾದದ್ದು' ಇಲ್ಲಿಯೇ. ಕೋನ ಸರಿಯಿಲ್ಲದಿದ್ದರೆ, ಹಿಂದೆ ಏನಿದೆ ಎಂದು ಕಾಣದಿದ್ದರೆ, ಎಷ್ಟೇ ದೊಡ್ಡ ಕೊಂಬಿದ್ದರೂ ಟ್ರಿಗರ್ ಒತ್ತದೆ ಬಿಡುವುದು. ಈ ತಾಳ್ಮೆಯನ್ನೇ ಬೇಟೆ ಸುರಕ್ಷತಾ ತರಗತಿಗಳು ಕಲಿಸುತ್ತವೆ. ನ್ಯೂಯಾರ್ಕ್ ರಾಜ್ಯ 1949ರಲ್ಲೇ ಎಳೆಯರಿಗೆ ಇಂಥ ತರಬೇತಿಯನ್ನು ಕಡ್ಡಾಯ ಮಾಡಿತ್ತು.

ಮಾಂಸ ಮತ್ತು ಆರೋಗ್ಯ: ಇದನ್ನು ಮರೆಯುವಂತಿಲ್ಲ

ಹೆಚ್ಚಿನ ಕುಟುಂಬಗಳು ಜಿಂಕೆಯನ್ನು ತಿನ್ನಲೆಂದೇ ತರುತ್ತವೆ. ಎಳೆಯ ಜಿಂಕೆಯ ಮಾಂಸ ಮೆತ್ತಗಿರುತ್ತದೆ, ಕೊಂಬನ್ನು ಬೇಯಿಸಿ ತಿನ್ನಲಾಗದು ಎಂಬುದು ಅಲ್ಲಿನ ಹಳಬರ ತಮಾಷೆ. ಆದರೆ ಎರಡು ಎಚ್ಚರ ಬೇಕು.

ಒಂದು, ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಪ್ರಿಯಾನ್ ಎಂಬ ವಿರೂಪಗೊಂಡ ಪ್ರೋಟೀನಿನಿಂದ ಜಿಂಕೆಗಳ ಮಿದುಳಿಗೆ ಬರುವ ಮಾರಕ ರೋಗವಿದು. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ ಇದು ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಮನುಷ್ಯರಿಗೆ ಹರಡಿದ ದೃಢಪಟ್ಟ ಪ್ರಕರಣ ಇಲ್ಲ. ಆದರೂ ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ರೋಗ ಇದೆ ಎಂದು ಬಂದರೆ ತಿನ್ನಬೇಡಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಬೇಯಿಸಿದರೆ ಪ್ರಿಯಾನ್ ಸಾಯುವುದಿಲ್ಲ. ಬಲಿತ ಗಂಡುಗಳಲ್ಲಿ ಈ ಸೋಂಕು ಹೆಚ್ಚು ಕಂಡುಬರುತ್ತದೆ ಎಂಬುದು ಟ್ರೋಫಿ ಚರ್ಚೆಯಲ್ಲಿ ಯಾರೂ ಹೇಳದ ಸಂಗತಿ.

ಎರಡು, ಸೀಸ. ಸೀಸದ ಗುಂಡು ದೇಹದೊಳಗೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಗಾಯದಿಂದ ದೂರಕ್ಕೂ ಹರಡುತ್ತದೆ. ಮಕ್ಕಳು ಮತ್ತು ಗರ್ಭಿಣಿಯರಿಗೆ ಸೀಸ ಹೆಚ್ಚು ಅಪಾಯಕಾರಿ. ತಾಮ್ರದ ಗುಂಡು ಬಳಸುವುದು, ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯುವುದು ಪರಿಹಾರ.

ನಮ್ಮಲ್ಲಿ?

ಗೊಂದಲವೇ ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗ ಯಾವುದನ್ನು ಬೇಟೆಯಾಡಿದರೂ ಅಪರಾಧ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಉದುರಿ ಬಿದ್ದ ಕೊಂಬನ್ನು ಎತ್ತಿಕೊಂಡು ಮಾರುವುದೂ ಅಪರಾಧವೇ. ರಾಣೆಬೆನ್ನೂರಿನ ಕೃಷ್ಣಮೃಗದ ಫೋಟೊ ಹಾಕಿ "ಇದರ ಕೊಂಬೂ ವರ್ಷವರ್ಷ ಉದುರುತ್ತದೆ" ಎಂದು ಯಾರಾದರೂ ಕಳಿಸಿದರೆ ಅದೂ ತಪ್ಪು. ಅದರದು ಕವಲಿಲ್ಲದ, ಜೀವನವಿಡೀ ಉಳಿಯುವ ಕೊಂಬು.

ಫಾರ್ವರ್ಡ್ ಮಾಡುವ ಮುನ್ನ

• ಕವಲಿನ ಸಂಖ್ಯೆ ವಯಸ್ಸಲ್ಲ. ವಯಸ್ಸು ಹಲ್ಲಿನಲ್ಲಿದೆ.
• ಚಿಕ್ಕ ಕೊಂಬು ಕಳಪೆ ವಂಶದ ಗುರುತಲ್ಲ.
• ಎಳೆಯವನ್ನು ಬಿಡುವುದು ಅನುಭವಿಗಳ ಒಳ್ಳೆಯ ಆಯ್ಕೆ. ಮಕ್ಕಳ ಮೇಲೆ ಹೇರುವ ನಿಯಮವಲ್ಲ.
• ಮಗುವಿನ ಫೋಟೊ ಕೆಳಗೆ "ಇಷ್ಟೇನಾ?" ಎಂದು ಬರೆಯಬೇಡಿ. ಮೊದಲ ಸಲವೇ ನೋವಿಲ್ಲದಂತೆ, ಸುರಕ್ಷಿತವಾಗಿ, ಕಾನೂನಿನೊಳಗೆ ಮುಗಿಸಿದ್ದಾರಾ ಎಂಬುದೊಂದೇ ಅಲ್ಲಿ ಕೇಳಬೇಕಾದ ಪ್ರಶ್ನೆ.
• ಅದೇ ಫೋಟೊವನ್ನು "ನಮ್ಮ ಕಾಡಿನಲ್ಲಿ ನಡೆದದ್ದು" ಎಂದು ಯಾರಾದರೂ ಕಳಿಸಿದರೆ, ಜಿಂಕೆಯ ಮೈಮೇಲೆ ಚುಕ್ಕೆ ಇದೆಯೇ ನೋಡಿ. ನಮ್ಮ ಚುಕ್ಕೆ ಜಿಂಕೆಗೆ ವಯಸ್ಸಾದರೂ ಚುಕ್ಕೆ ಉಳಿದಿರುತ್ತದೆ. ಬಿಳಿಬಾಲದ ಜಿಂಕೆಗೆ ಚುಕ್ಕೆ ಇರುವುದು ಮರಿಯಾಗಿದ್ದಾಗ ಮಾತ್ರ.