ಆಮ್ಸ್ಟೆಲ್‌ವೀನಿನ ಬೆಳ್ಳಿ

ಭಾರತದ ಹಾಕಿಯ ಕಥೆ ಹೇಳುವವರು 1975ರ ಕ್ವಾಲಾಲಂಪುರವನ್ನು ಮರೆಯುವುದಿಲ್ಲ. ಅಜಿತ್‌ಪಾಲ್ ಸಿಂಗ್ ವಿಶ್ವಕಪ್ ಎತ್ತಿ ಹಿಡಿದ ಚಿತ್ರ ಇಂದಿಗೂ ಮತ್ತೆ ಮತ್ತೆ ಅಚ್ಚಾಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು ನಮ್ಮ ನಾಡಿನ ನಾಯಕರೊಬ್ಬರು ಅದೇ ಕಪ್ಪಿನ ಹೊಸ್ತಿಲ ತನಕ ತಂಡವನ್ನು ನಡೆಸಿಕೊಂಡು ಹೋಗಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯ ಸುತ್ತಲಿನ ನಮ್ಮ ಸೀಮೆ ಕುಸ್ತಿಗೆ, ಕಬಡ್ಡಿಗೆ ಮನಸೋತದ್ದು. ಇಲ್ಲಿಯ ಹಿರಿಯರ ಬಾಯಲ್ಲಿ ಪೈಲ್ವಾನರ ಹೆಸರು ಬಂದಷ್ಟು ಸಲೀಸಾಗಿ ಹಾಕಿಯವರ ಹೆಸರು ಬಾರದು. ಆದ್ದರಿಂದಲೇ ಮೊಳ್ಳೆರ ಪೂವಯ್ಯ ಗಣೇಶರ ಕಥೆಯನ್ನು ಇಲ್ಲಿ ಹೇಳಬೇಕೆನಿಸುತ್ತದೆ.

ಗಣೇಶ್ ಹುಟ್ಟಿದ್ದು 1946ರ ಜುಲೈ 8ರಂದು, ಕೊಡಗಿನ ಸುಂಟಿಕೊಪ್ಪದ ಕಡೆ. ಆಗ ಕೊಡಗು ಚೀಫ್ ಕಮಿಷನರರ ಆಳ್ವಿಕೆಯ ಪುಟ್ಟ ಪ್ರಾಂತ. ನಮ್ಮ ಧಾರವಾಡ ಮುಂಬೈ ಪ್ರಾಂತದ ಜಿಲ್ಲೆ. ಎರಡೂ ಒಂದೇ ರಾಜ್ಯದ ತೆಕ್ಕೆಗೆ ಬಂದದ್ದು 1956ರ ನವೆಂಬರ್ 1ರಂದು, ಆ ಬಾಲಕ ಹತ್ತು ದಾಟಿದ ಮೇಲೆ.

ಅವರು ಮೊದಲು ಕಟ್ಟಿದ್ದು ಫುಟ್‌ಬಾಲಿನ ಬೂಟು. ಅರವತ್ತರ ದಶಕದ ಆರಂಭದಲ್ಲಿ ಕೊಡಗು ಜಿಲ್ಲೆಯ ಪರವಾಗಿ ಆಡಿದ್ದು ಆ ಆಟವನ್ನೇ. ಹಾಕಿ ಅವರನ್ನು ಹಿಡಿದದ್ದು ಸೇನೆ ಸೇರಿದ ಮೇಲೆ. ಕಾರ್ಯಪ್ಪ, ತಿಮ್ಮಯ್ಯರಂಥ ದಂಡನಾಯಕರನ್ನು ಕೊಟ್ಟ ಕೊಡಗಿನಲ್ಲಿ ಮಗ ಸೇನೆಗೆ ಹೋಗುವುದು ಮನೆಯ ವಾಡಿಕೆ. 1966ರಿಂದ ಅವರು ಸರ್ವಿಸಸ್ ತಂಡದ ಆಟಗಾರ. ಇಪ್ಪತ್ತರ ವಯಸ್ಸಿಗೆ ಹೊಸ ಆಟ ಕಲಿತು, ನಾಲ್ಕೇ ವರ್ಷದಲ್ಲಿ ದೇಶದ ಅಂಗಿ ತೊಡುವುದು ಸಣ್ಣ ಸಾಧನೆಯಲ್ಲ.

ಆ ಹೊತ್ತಿಗೆ ಭಾರತದ ಹಾಕಿಯ ಸೂರ್ಯ ಮಧ್ಯಾಹ್ನ ದಾಟಿದ್ದ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಫೈನಲ್ ತಪ್ಪಿ, ಕಂಚಿಗೆ ಇಳಿಯಬೇಕಾಯಿತು. ಗಣೇಶ್ ತಂಡಕ್ಕೆ ಬಂದದ್ದು ಹೀಗೆ ಮಾನ ಮರಳಿ ಪಡೆಯಬೇಕಾದ ಕಾಲಕ್ಕೆ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಕಂಚು. ಮೂರೂ ಕಡೆ ಅಡ್ಡ ನಿಂತದ್ದು ಪಾಕಿಸ್ತಾನ.

ಅದೇ ಕಾಲಕ್ಕೆ ಸೋವಿಯತ್ ದೇಶದಲ್ಲಿ ಮಂಜುಗಡ್ಡೆಯ ಮೇಲಿನ ಹಾಕಿ ತನ್ನ ಉಚ್ಛ್ರಾಯದಲ್ಲಿತ್ತು. ಅದರ ಕಣ್ಮಣಿ ವಲೇರಿ ಖಾರ್ಲಮೋವ್, ಗಣೇಶರಿಗಿಂತ ಒಂದೂವರೆ ವರ್ಷ ಕಿರಿಯ. ಅವರೂ ಸೇನೆಯ ನೆರಳಿನಲ್ಲಿಯೇ ಬೆಳೆದವರು. ಆಡಿದ್ದು ಮಾಸ್ಕೋದ ಸೇನಾ ಕ್ಲಬ್ಬಿಗೆ. 1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ, ಸೋಲನ್ನೇ ಎಣಿಸದಿದ್ದ ಕೆನಡಾದ ವೃತ್ತಿಪರರನ್ನು ಸೋವಿಯತ್ ತಂಡ 7–3ರಿಂದ ಕೆಡವಿದಾಗ ಎರಡು ಗೋಲು ಅವರವು. ಆ ಆಟಗಾರನ ಕೀರ್ತಿಯನ್ನು ರಷ್ಯಾ ಇಂದಿಗೂ ಕಾಪಾಡಿಕೊಂಡು ಬಂದಿದೆ. ನಾವು ನಮ್ಮವರನ್ನು ಅಷ್ಟು ಜತನದಿಂದ ಕಾಪಾಡಲಿಲ್ಲ ಎಂಬ ನೋವು ನನಗಿದೆ.

ಖಾರ್ಲಮೋವರ ಆ ಸಂಜೆಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, 1973ರ ಸೆಪ್ಟೆಂಬರ್ 2ರಂದು, ಆಮ್ಸ್ಟೆಲ್‌ವೀನಿನ ವಾಗೆನರ್ ಕ್ರೀಡಾಂಗಣದ ಹುಲ್ಲಿನ ಮೇಲೆ ಭಾರತ ವಿಶ್ವಕಪ್‌ನ ಫೈನಲ್‌ಗೆ ಇಳಿಯಿತು. ನಾಯಕ ಗಣೇಶ್. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ರಿಂದ ಸೋಲಿಸಿ ಹಳೆಯ ಲೆಕ್ಕ ಚುಕ್ತಾ ಮಾಡಿ ಬಂದ ತಂಡ ಅದು. ಎದುರಿಗೆ ತವರಿನ ಜನಸ್ತೋಮದ ಬಲವಿದ್ದ ಹಾಲೆಂಡ್. ಆಟ ಶುರುವಾಗಿ ಹೆಚ್ಚು ಹೊತ್ತಾಗುವ ಮೊದಲೇ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ಕಪ್ಪು ಕೈಗೆ ಬಂದಂತೆಯೇ ಇತ್ತು. ಹಾಲೆಂಡಿನವರು ಎದೆಗುಂದಲಿಲ್ಲ; ಎರಡೂ ಗೋಲು ತೀರಿಸಿ ಆಟವನ್ನು ಹೆಚ್ಚುವರಿ ಅವಧಿಗೆ ಎಳೆದರು. ಅಲ್ಲಿಂದ ಮೊದಲು ಗೋಲು ಹೊಡೆದವರೇ ಗೆದ್ದಂತೆ. ಆ ಹೊತ್ತಿನಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ನಿಂತವರು ಕೊಡಗಿನವರೇ ಆದ ಬಿ.ಪಿ. ಗೋವಿಂದ, ಆಗಿನ್ನೂ ಇಪ್ಪತ್ತೆರಡರ ತರುಣ. ಚೆಂಡು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕುಗಳ ಸರಣಿಯಲ್ಲಿ ಹಾಲೆಂಡ್ 4–2ರಿಂದ ಗೆದ್ದಿತು.

ಆ ಒಂದು ಹೊಡೆತಕ್ಕಾಗಿ ಗೋವಿಂದರನ್ನು ದೂರುವುದು ಅನ್ಯಾಯ. ಅದೇ ಗೋವಿಂದ ಎರಡು ವರ್ಷದ ಮೇಲೆ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, ಸುರ್ಜಿತರೂ ಇದ್ದರು. ಗಣೇಶ್ ಇರಲಿಲ್ಲ. 1974ರ ಟೆಹರಾನ್ ಏಷ್ಯನ್ ಗೇಮ್ಸ್‌ನ ಬೆಳ್ಳಿಯೊಂದಿಗೆ ಅವರ ದೊಡ್ಡ ಪಂದ್ಯಗಳ ಕಾಲ ಮುಗಿದಿತ್ತು. ಚಿನ್ನದ ತಂಡದ ಬೆನ್ನೆಲುಬು ಗಟ್ಟಿಯಾದದ್ದು ಅವರ ನಾಯಕತ್ವದ 1973ರ ಬೆಳ್ಳಿಯ ಬೇಸಿಗೆಯಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಫೈನಲ್ ಮುಗಿದು ಎರಡು ತಿಂಗಳಿಗೆ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಹೆಸರಿಗಾಗಿ ದಶಕಗಟ್ಟಲೆ ಕಾದಿದ್ದ ಧಾರವಾಡದ ಕಡೆ ಆ ದಿನ ಹಬ್ಬ. ಹೊಸ ಹೆಸರಿನ ನಾಡಿಗೆ ಮೊದಲ ವರ್ಷದಲ್ಲೇ ಹೆಮ್ಮೆಪಡಲು ಒಬ್ಬ ವಿಶ್ವಕಪ್ ನಾಯಕರಿದ್ದರು. ಅರ್ಜುನ ಪ್ರಶಸ್ತಿಯೂ ಅವರಿಗೆ ಆ ವರ್ಷದ್ದೇ.

ಖಾರ್ಲಮೋವ್ 1981ರ ಆಗಸ್ಟ್ 27ರಂದು, ಮೂವತ್ತಮೂರರ ಹರೆಯದಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗಣೇಶರಿಗೆ ಕಲಿಸುವ ಭಾಗ್ಯ ಒದಗಿತು. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ತಂಡಕ್ಕೆ ಅವರು ತರಬೇತುದಾರ, ಕೊಡಗಿನವರೇ ಆದ ಎಂ.ಎಂ. ಸೋಮಯ್ಯ ನಾಯಕ. ಮುಂದೆ ಗಣೇಶ್ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಹಿರಿಯ ಹೊಣೆಗಳನ್ನು ಹೊತ್ತರು. ಅಷ್ಟರಲ್ಲಿ ಹುಲ್ಲಿನ ಮೈದಾನಗಳ ಕಾಲ ಮುಗಿದು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಹಾಸು ಬಂದು, ಅವರು ಆಡಿದ ಆಟದ ಚಹರೆಯೇ ಬದಲಾಗಿತ್ತು.

ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿದ್ದು 2020ರಲ್ಲಿ, ಆಮ್ಸ್ಟೆಲ್‌ವೀನಿನ ಫೈನಲ್ ಆಡಿ ನಲವತ್ತಾರು ವರ್ಷ ಕಳೆದ ಮೇಲೆ.