ಹತ್ತಿ, ಜುಲೈ 1 ಮತ್ತು ಮಂಗಳವಾರದ ಎಕ್ಸ್‌ಪೈರಿ: 1865ರ ಬಾಂಬೆ ನಮಗೆ ಹೇಳೋದೇನು?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಒಂದು ಬ್ಯಾಂಕಿನ ಷೇರು 2,850 ರೂಪಾಯಿವರೆಗೆ ಹೋಗಿತ್ತು. ಆಮೇಲೆ ಅದೇ ಷೇರು 87 ರೂಪಾಯಿಗೆ ಬಂತು. ಯಾವ ಬ್ಯಾಂಕು, ಹೇಳಿ ನೋಡೋಣ?

ಫೋನ್‌ನಲ್ಲಿ ಚಾರ್ಟ್ ತೆಗೆದು ಹುಡುಕಬೇಡಿ, ಸಿಗಲ್ಲ. ಇದು 160 ವರ್ಷದ ಹಿಂದಿನ ಮಾತು. ಆ ಬ್ಯಾಂಕಿನ ಹೆಸರು ಬ್ಯಾಂಕ್ ಆಫ್ ಬಾಂಬೆ. ಇದಕ್ಕೂ ನಿಮ್ಮ ಪಾಸ್‌ಬುಕ್ಕಿಗೂ ಒಂದು ಸಂಬಂಧ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು, ಈ ಹಳೇ ಕಥೆ ಈಗ ಯಾಕೆ ಅಂತ ಹೇಳಿಬಿಡ್ತೀನಿ. 2020ರ ಮಾರ್ಚ್ ಹೊತ್ತಿಗೆ ನಮ್ಮ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಅಕೌಂಟ್‌ಗಳಿದ್ದವು. 2025ರಲ್ಲಿ ಆ ಸಂಖ್ಯೆ 20 ಕೋಟಿ ದಾಟಿತು. ಜನ ಹಣ ಹೂಡೋದು ಒಳ್ಳೇದೇ. ಆದರೆ ಹೊಸದಾಗಿ ಬಂದವರಲ್ಲಿ ತುಂಬಾ ಜನ ಸೀದಾ ಹೋಗಿದ್ದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಡೆಗೆ, ಅಂದ್ರೆ ಎಫ್ ಅಂಡ್ ಓ ಕಡೆಗೆ. ಸೆಬಿ ಇದರ ಲೆಕ್ಕ ತೆಗೀತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಮರುವರ್ಷ, 2024-25ರಲ್ಲಿ, ನೂರಕ್ಕೆ 91 ಮಂದಿಗೆ ನಷ್ಟ. ಒಟ್ಟು ಮೊತ್ತ 1.05 ಲಕ್ಷ ಕೋಟಿ.

ಇನ್ನೊಂದು ಅಂಕಿ ಕೇಳಿ. ಎಫ್ ಅಂಡ್ ಓ ಮಾಡೋರಲ್ಲಿ 30 ವರ್ಷದೊಳಗಿನವರ ಪಾಲು 2022-23ರಲ್ಲಿ ಶೇ 31 ಇತ್ತು, ಒಂದೇ ವರ್ಷದಲ್ಲಿ ಶೇ 43ಕ್ಕೆ ಏರಿತು. ಅಂದ್ರೆ ನಾನು, ನೀವು, ನಮ್ಮ ರೂಮ್‌ಮೇಟು.

ಇವರೆಲ್ಲ ದಡ್ಡರಾ? ನನಗೆ ಹಾಗನ್ನಿಸಲ್ಲ. ಯಾಕೆ ಅಂತ ಅರ್ಥ ಆಗೋಕೆ 1861ಕ್ಕೆ ಹೋಗೋಣ.

ಅಮೆರಿಕದಲ್ಲಿ ಯುದ್ಧ, ಧಾರವಾಡದಲ್ಲಿ ದುಡ್ಡು

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಆಗ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಬರ್ತಾ ಇದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣದ್ದೇ. ಅದು ನಿಂತುಹೋಯಿತು. ಗಿರಣಿಗಳು ಮುಚ್ಚಿದವು, ಕೂಲಿಗಳು ಬೀದಿಗೆ ಬಂದರು. ಹತ್ತಿಗಾಗಿ ಇಡೀ ಇಂಗ್ಲೆಂಡ್ ಭಾರತದ ಕಡೆ ನೋಡಿತು.

ಭಾರತದ ಹತ್ತಿ ಹೊರಗೆ ಹೋಗ್ತಾ ಇದ್ದ ದೊಡ್ಡ ಬಾಗಿಲು ಬಾಂಬೆ. ಗುಜರಾತ್, ವಿದರ್ಭ, ಖಾನದೇಶದ ಜೊತೆ ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯೂ ಅಲ್ಲಿಗೆ ಹೋಗ್ತಿತ್ತು. ಅಮೆರಿಕದ ಬೀಜ ತಂದು ಇಲ್ಲಿ ಬೆಳೆದ ಹತ್ತಿಗೆ ವ್ಯಾಪಾರದಲ್ಲಿ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರಿತ್ತು. ದೇಸಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗ್ತಿತ್ತು ಅಂತ ಅದಕ್ಕೆ ‘ಕುಮಟಾ’ ಅನ್ನೋ ಹೆಸರೇ ಬಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನ ಹತ್ತಿ ಸಾಗಿಸೋ ಬಂದರು ಮಾಡಬೇಕು ಅನ್ನೋ ಒತ್ತಡ ಇದರ ಹಿಂದಿತ್ತು. ಎಲ್ಲೋ ಅಮೆರಿಕದ ಯುದ್ಧ, ಇಲ್ಲಿ ಒಂದು ಜಿಲ್ಲೆಯ ಗಡಿ. ಗ್ಲೋಬಲ್ ಮಾರ್ಕೆಟ್ ಅನ್ನೋದು ನಮ್ಮ ಕಾಲದಲ್ಲಿ ಹುಟ್ಟಿದ್ದೇನಲ್ಲ.

ಭಾರತದ ಹತ್ತಿ ಬೆಲೆ ಮೂರು ಪಟ್ಟನ್ನೂ ದಾಟಿ ಹೋಯಿತು. ಹತ್ತಿಗೆ ಬೇರೇದು ಬೆರೆಸಿ ತೂಕ ಹೆಚ್ಚಿಸೋರು ಎಷ್ಟಾದರು ಅಂದ್ರೆ, 1863ರಲ್ಲಿ ಬಾಂಬೆ ಸರ್ಕಾರ ಹತ್ತಿ ಮೋಸ ತಡೆಗೆ ಅಂತಲೇ ಒಂದು ಕಾಯ್ದೆ ತಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಗಾದೆ. ಆಗ ಜನ ಹಾಸಿಗೆಯನ್ನೇ ಬಿಚ್ಚಿ ಒಳಗಿನ ಹತ್ತಿ ಮಾರಿದರು ಅಂತ ಹೇಳ್ತಾರೆ.

ದುಡ್ಡು ಬಂತು, ಎಲ್ಲಿಡೋದು?

ಇಲ್ಲಿವರೆಗೆ ಇದು ನಿಜವಾದ ವ್ಯಾಪಾರ. ಸರಕು ಹೋಯಿತು, ದುಡ್ಡು ಬಂತು. ತೊಂದರೆ ಶುರುವಾಗಿದ್ದು ಆ ದುಡ್ಡು ಬಂದು ಕೂತ ಮೇಲೆ.

ಬಾಂಬೆಯಲ್ಲಿ ಕಂಪನಿಗಳು ಅಣಬೆ ಹಾಗೆ ಎದ್ದವು. 1865ರ ಜನವರಿಯ ಲೆಕ್ಕ ನೋಡಿ: 31 ಬ್ಯಾಂಕು, 16 ಫೈನಾನ್ಸ್ ಸಂಸ್ಥೆ, 8 ಭೂ ಕಂಪನಿ, 20 ಇನ್ಶೂರೆನ್ಸ್ ಕಂಪನಿ. 1860ರಲ್ಲಿ ಸುಮಾರು 60 ಇದ್ದ ಷೇರು ದಲ್ಲಾಳಿಗಳು ಈಗ 200ಕ್ಕೂ ಹೆಚ್ಚು. ಅವರಿಗೆ ಕಟ್ಟಡ ಇರಲಿಲ್ಲ. ಟೌನ್ ಹಾಲ್ ಹತ್ತಿರ ಮರದ ನೆರಳಲ್ಲಿ, ರಸ್ತೆಯಲ್ಲಿ ನಿಂತೇ ವ್ಯಾಪಾರ.

ಎಲ್ಲದಕ್ಕಿಂತ ದೊಡ್ಡ ಹೆಸರು ಬ್ಯಾಕ್ ಬೇ ರಿಕ್ಲಮೇಷನ್ ಕಂಪನಿ. ಸಮುದ್ರ ತುಂಬಿಸಿ ಜಾಗ ಮಾಡ್ತೀವಿ, ನಗರ ಬೆಳೀತಾ ಇದೆ, ಜಾಗಕ್ಕೆ ಚಿನ್ನದ ಬೆಲೆ ಬರುತ್ತೆ. ಇದು ಅವರ ಕಥೆ. ಬಿಕಾಂ ಓದಿದವರಿಗೆ ಪೇಡ್-ಅಪ್ ವ್ಯಾಲ್ಯೂ ನೆನಪಿರುತ್ತೆ, ಅಂದ್ರೆ ಒಂದು ಷೇರಿಗೆ ನಿಜವಾಗಿ ಕಟ್ಟಿದ ದುಡ್ಡು. ಇಲ್ಲಿ ಅದು 5,000 ರೂಪಾಯಿ. ಮಾರ್ಕೆಟ್ ಬೆಲೆ 50,000 ಮುಟ್ಟಿತು.

ಈ ಆಟದ ನಾಯಕ ಪ್ರೇಮ್‌ಚಂದ್ ರಾಯ್‌ಚಂದ್. ಆಗ ಮೂವತ್ತರ ಆಸುಪಾಸಿನ ದಲ್ಲಾಳಿ. ಅವರು ಕೈ ಇಟ್ಟ ಷೇರು ಏರುತ್ತೆ ಅನ್ನೋ ನಂಬಿಕೆ ಊರಿಗೆಲ್ಲ ಇತ್ತು. ಬ್ಯಾಂಕ್ ಆಫ್ ಬಾಂಬೆಯಲ್ಲೂ ಅವರ ಮಾತು ನಡೀತಿತ್ತು. 1863ರಲ್ಲಿ ಬ್ಯಾಂಕಿನ ಕಾನೂನು ಸಡಿಲ ಆಗಿ, ಕಂಪನಿ ಷೇರುಗಳನ್ನ ಅಡವಿಟ್ಟುಕೊಂಡು ಸಾಲ ಕೊಡೋಕೆ ದಾರಿಯಾಯಿತು. ಸಾಲ ತಗೊಂಡು ಷೇರು ಕೊಳ್ಳೋದು, ಬೆಲೆ ಏರಿದ ಮೇಲೆ ಅದೇ ಷೇರು ಅಡವಿಟ್ಟು ಇನ್ನಷ್ಟು ಸಾಲ, ಮತ್ತೆ ಷೇರು. ಈ ಚಕ್ರ ಮೇಲೆ ಹೋಗುವಾಗ ಎಲ್ಲರೂ ಬುದ್ಧಿವಂತರೇ.

ತಾರೀಖು ಇಟ್ಟ ಮಾತು

ಈಗ ಅಸಲಿ ವಿಷಯ. ಆ ದಿನಗಳಲ್ಲಿ ಜನ ಬರೀ ಷೇರು ಕೊಂಡು ಮಾರ್ತಾ ಇರಲಿಲ್ಲ. ‘ಟೈಮ್ ಬಾರ್ಗೇನ್’ ಮಾಡ್ತಿದ್ದರು. ಅಂದ್ರೆ ಇವತ್ತು ಬೆಲೆ ಮಾತಾಡಿಕೊಳ್ಳೋದು, ಷೇರು ಮತ್ತು ದುಡ್ಡು ಕೈ ಬದಲಾಗೋದು ಮುಂದಿನ ಒಂದು ತಾರೀಖಿಗೆ. ಈಗಿನ ಫ್ಯೂಚರ್ಸ್‌ನ ಮುತ್ತಜ್ಜ ಅಂದುಕೊಳ್ಳಿ. 1865ರಲ್ಲಿ ಮಾಡಿದ ಇಂಥ ಎಷ್ಟೋ ಒಪ್ಪಂದಗಳ ತಾರೀಖು ಜುಲೈ 1.

ಜೇಬಲ್ಲಿ ದುಡ್ಡಿಲ್ಲದಿದ್ದರೂ ಈ ಒಪ್ಪಂದ ಮಾಡಬಹುದಿತ್ತು. ಜುಲೈ ಹೊತ್ತಿಗೆ ಬೆಲೆ ಏರಿರುತ್ತೆ, ಅವನಿಗೆ ಮಾರಿ ಇವನಿಗೆ ಕೊಟ್ಟರಾಯಿತು, ಉಳಿದಿದ್ದು ನಮ್ಮದು. ಅವನೂ ಹಾಗೇ ಯೋಚಿಸಿರ್ತಾನೆ, ಅವನಿಂದ ಕೊಂಡವನೂ ಹಾಗೇ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದರು. ಯುದ್ಧ ಮುಗೀತು. ಮನುಷ್ಯರ ಲೆಕ್ಕದಲ್ಲಿ ಅದು ಒಳ್ಳೇ ಸುದ್ದಿ, ಗುಲಾಮಗಿರಿ ಕೊನೆಯಾಗೋ ಸುದ್ದಿ. ಬಾಂಬೆಗೆ ಮಾತ್ರ ಅದು ಸಿಡಿಲು. ಹತ್ತಿ ಬೆಲೆ ಕುಸಿಯಿತು. ಹತ್ತಿ ವರ್ತಕರು ಬಿದ್ದರು, ಅವರ ಹಿಂದೆ ಷೇರುಗಳು ಬಿದ್ದವು. ಆದರೂ ಜುಲೈ 1 ಅನ್ನೋ ತಾರೀಖು ಬಂದೇ ಬಂತು. ಒಬ್ಬ ಕೊಡೋಕಾಗದೆ ಕೈ ಎತ್ತಿದ, ಅವನ ದುಡ್ಡು ನಂಬಿದ್ದ ಎರಡನೆಯವನೂ ಎತ್ತಿದ, ಸರಪಳಿ ಪೂರ್ತಿ ಬಿತ್ತು. 50,000 ಮುಟ್ಟಿದ್ದ ಬ್ಯಾಕ್ ಬೇ ಷೇರು 2,000ಕ್ಕಿಂತ ಕೆಳಗೆ ಬಂತು. ಬ್ಯಾಂಕ್ ಆಫ್ ಬಾಂಬೆ ಕೊಟ್ಟ ಸಾಲ ವಾಪಸ್ ಬರದೆ ಬಂಡವಾಳದ ಬಹುಪಾಲು ಕರಗಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿ, ಅದೇ ಹೆಸರಲ್ಲಿ ಹೊಸ ಬ್ಯಾಂಕ್ ಕಟ್ಟಬೇಕಾಯಿತು. ಆ ಹೊಸ ಬ್ಯಾಂಕು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನೊಳಗೆ ಸೇರಿತು. ಇಂಪೀರಿಯಲ್ ಬ್ಯಾಂಕು 1955ರಲ್ಲಿ ನಮ್ಮ ಸ್ಟೇಟ್ ಬ್ಯಾಂಕ್ ಆಯಿತು. ಯಾವ ದಿನ ಗೊತ್ತಾ? ಜುಲೈ 1. ಕಾಕತಾಳೀಯ, ಆದರೆ ನೆನಪಿಡೋಕೆ ಸುಲಭ.

ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತಾರಲ್ಲ, ಹಾಗಾಯಿತು. 1864ರ ಜನಗಣತಿಯಲ್ಲಿ ಬಾಂಬೆ ಜನಸಂಖ್ಯೆ 8,16,562. 1872ರಲ್ಲಿ 6,44,405. ಬೂಮ್ ನಂಬಿ ಬಂದವರು ಗಂಟು ಕಟ್ಟಿಕೊಂಡು ಹೊರಟಿದ್ದರು. ಹಳ್ಳಿಗಳಲ್ಲಿ ಹತ್ತಿ ಏರುವಾಗ ಕರೆದು ಕರೆದು ಸಾಲ ಕೊಟ್ಟಿದ್ದ ಸಾಹುಕಾರರು ಕೈ ಬಿಗಿ ಮಾಡಿದರು. ಅದರ ಮೇಲೆ ಹೆಚ್ಚಿದ ಕಂದಾಯ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾದಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನೇ ಸುಟ್ಟರು. ಚರಿತ್ರೆಯಲ್ಲಿ ಇದನ್ನ ದಖ್ಖನ್ ದಂಗೆ ಅಂತಾರೆ. ಷೇರು ಅಂದ್ರೇನು ಅಂತ ಗೊತ್ತಿಲ್ಲದ ರೈತನೂ ಆ ಬೂಮ್‌ನ ಬಿಲ್ ಕಟ್ಟಿದ.

ಕಥೆ ನಿಜ, ತಾರೀಖು ಬೇರೆ

ಈ ಇಡೀ ಚರಿತ್ರೆಯಲ್ಲಿ ನನ್ನನ್ನ ಹೆಚ್ಚು ಕಾಡೋ ಸಂಗತಿ ಒಂದಿದೆ. ಬ್ಯಾಕ್ ಬೇ ಕಥೆ ಸುಳ್ಳಾಗಲಿಲ್ಲ. ಬಾಂಬೆ ಬೆಳೀತು. ಮುಂದಿನ ನೂರು ವರ್ಷದಲ್ಲಿ ಆ ಸಮುದ್ರವನ್ನ ಬೇರೆಯವರು ತುಂಬಿಸಿದರು. ಇವತ್ತಿನ ನಾರಿಮನ್ ಪಾಯಿಂಟ್ ಎದ್ದಿರೋದು ಅಲ್ಲೇ, ದೇಶದ ಅತಿ ದುಬಾರಿ ಜಾಗಗಳಲ್ಲಿ ಅದೂ ಒಂದು. 1865ರಲ್ಲಿ ಆ ಷೇರು ಕೊಂಡವನ ಊಹೆ ಸರಿಯಾಗೇ ಇತ್ತು. ಆದರೆ ಅವನ ಸಾಲದ ತಾರೀಖು ಜುಲೈ 1 ಆಗಿತ್ತು, ಊಹೆ ನಿಜವಾಗೋಕೆ ದಶಕಗಳೇ ಬೇಕಿತ್ತು.

ಇದನ್ನ ಈಗ ನಮ್ಮ ಫೋನಿಗೆ ತನ್ನಿ. ‘ಇಂಡಿಯಾ ಬೆಳೀತಿದೆ ಗುರೂ, ಮಾರ್ಕೆಟ್ ಏರಲೇಬೇಕು’ ಅನ್ನೋ ಮಾತು ನಿಜವೇ ಇರಬಹುದು. ಆದರೆ ನೀವು ಕೊಂಡ ನಿಫ್ಟಿ ವೀಕ್ಲಿ ಆಪ್ಷನ್ ಮಂಗಳವಾರ ಮುಗಿಯುತ್ತೆ. ನೀವು ಹೇಳಿದ ಮಟ್ಟಕ್ಕೆ ನಿಫ್ಟಿ ಬುಧವಾರ ಹೋದರೆ ನಿಮಗೆ ಒಂದು ರೂಪಾಯಿಯೂ ಇಲ್ಲ. ದೇಶದ ಬೆಳವಣಿಗೆ ಅನ್ನೋದು ವರ್ಷಗಳ ಲೆಕ್ಕ. ಆಪ್ಷನ್ ಅನ್ನೋದು ದಿನಗಳ ಲೆಕ್ಕ. ಮೊದಲನೆಯದರ ಧೈರ್ಯದಲ್ಲಿ ಎರಡನೆಯದಕ್ಕೆ ದುಡ್ಡು ಹಾಕೋದು, ಅದೇ 1865ರ ತಪ್ಪು.

160 ವರ್ಷದಲ್ಲಿ ನಾವು ಏನೂ ಕಲಿತಿಲ್ಲ ಅಂತಲ್ಲ. ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಬಿಎಸ್‌ಇ. ಈಗ ಮಾರ್ಜಿನ್ ಮೊದಲೇ ಕಟ್ಟಬೇಕು. ಫ್ಯೂಚರ್ಸ್‌ನ ಲಾಭ ನಷ್ಟ ದಿನಾ ಚುಕ್ತಾ ಆಗುತ್ತೆ. ಒಬ್ಬ ಮುಳುಗಿದರೆ ಕ್ಲಿಯರಿಂಗ್ ಕಾರ್ಪೊರೇಷನ್ ಅಡ್ಡ ನಿಲ್ಲುತ್ತೆ. ಷೇರಿನ ಮೇಲೆ ಬ್ಯಾಂಕ್ ಕೊಡೋ ಸಾಲಕ್ಕೆ ಆರ್‌ಬಿಐ ಮಿತಿ ಇದೆ. 2024ರ ನವೆಂಬರ್‌ನಿಂದ ಸೆಬಿ ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವೀಕ್ಲಿ ಎಕ್ಸ್‌ಪೈರಿ ಅಂತ ಕಡಿಮೆ ಮಾಡಿತು, ಕಾಂಟ್ರ್ಯಾಕ್ಟ್ ಗಾತ್ರ ಹೆಚ್ಚಿಸಿತು. ಹಾಗಾಗಿ ಇವತ್ತು ಒಬ್ಬ ಸೋತರೆ ಸರಪಳಿ ಬೀಳಲ್ಲ.

ಆದರೆ ಈ ಪಟ್ಟಿಯಲ್ಲಿ ಹೆಚ್ಚಿನದು ನಿಮ್ಮಿಂದ ಮಾರ್ಕೆಟ್ಟನ್ನ ಕಾಪಾಡೋದು. ನಿಮ್ಮನ್ನ ಕಾಪಾಡೋದು ಅಲ್ಲ. ಲಕ್ಷ ಕೋಟಿ ನಷ್ಟ ಆದ ವರ್ಷವೂ ಎಕ್ಸ್‌ಚೇಂಜ್ ಒಂದು ದಿನ ನಿಲ್ಲಲಿಲ್ಲ. ಆಗಿನ ನಷ್ಟ ಬೀದಿಯಲ್ಲಿ ಕಾಣ್ತಿತ್ತು. ಈಗಿನದು ಬೆಡ್‌ಶೀಟ್ ಒಳಗೆ, ರಾತ್ರಿ ಫೋನ್ ಬೆಳಕಲ್ಲಿ, ಮನೆಯವರಿಗೂ ಗೊತ್ತಾಗದ ಹಾಗೆ ಆಗುತ್ತೆ. ಎರಡು ವರ್ಷ ಸತತ ಸೋತವರಲ್ಲಿ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ಜನ ಮತ್ತೆ ಎಫ್ ಅಂಡ್ ಓ ಮಾಡಿದರು ಅಂತಲೂ ಸೆಬಿ ವರದಿ ಹೇಳುತ್ತೆ.

ಯಾವ ಷೇರು ಕೊಳ್ಳಬೇಕು ಅಂತ ನಾನು ಹೇಳಲ್ಲ, ಅದು ನನ್ನ ಕೆಲಸವೂ ಅಲ್ಲ. ಯಾರಾದರೂ ಒಂದು ಒಳ್ಳೇ ಕಥೆ ಹೇಳಿ ದುಡ್ಡು ಹಾಕು ಅಂದಾಗ, ಅದು ಐಪಿಒ ಇರಲಿ, ಎಐ ಷೇರಿರಲಿ, ಊರ ಹೊರಗಿನ ಸೈಟಿರಲಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಥೆ ನಿಜವಾಗೋಕೆ ಎಷ್ಟು ಕಾಲ ಬೇಕು? ನನ್ನ ದುಡ್ಡು ಅಷ್ಟು ಕಾಲ ಕಾಯುತ್ತಾ? ಈ ದುಡ್ಡು ನನ್ನದಾ, ಇಲ್ಲಾ ಲೋನ್ ಆ್ಯಪ್‌ದಾ, ಕ್ರೆಡಿಟ್ ಕಾರ್ಡ್‌ದಾ, ಅಮ್ಮನ ಬಳೆ ಅಡವಿಟ್ಟಿದ್ದಾ? ಮೂರನೆಯದಕ್ಕೆ ಉತ್ತರ ‘ನನ್ನದಲ್ಲ’ ಅಂತಾದರೆ, ಮೊದಲೆರಡನ್ನ ಕೇಳೋದೇ ಬೇಡ, ಅಲ್ಲಿಂದ ಎದ್ದುಬಿಡಿ.

ಪ್ರೇಮ್‌ಚಂದ್ ಆ ಕುಸಿತದಲ್ಲಿ ತಮ್ಮ ಸಂಪತ್ತು ಕಳಕೊಂಡರು. ಆದರೆ ಅದಕ್ಕೆ ಮುಂಚೆ, 1864ರಲ್ಲಿ, ಬಾಂಬೆ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೊಂದು ಎರಡು ಲಕ್ಷ, ಗಡಿಯಾರ ಗೋಪುರಕ್ಕೊಂದು ಎರಡು ಲಕ್ಷ ಕೊಟ್ಟಿದ್ದರು. ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯ ಹೆಸರು. ಮುಂಬೈಗೆ ಹೋದಾಗ ನೋಡಿ, ಅದು ಈಗಲೂ ಅಲ್ಲೇ ನಿಂತಿದೆ. ಅಷ್ಟು ದೊಡ್ಡ ಬೂಮ್‌ನಲ್ಲಿ ಉಳಿದಿದ್ದು, ತಾರೀಖಿಗೆ ಕಟ್ಟಿಹಾಕದೆ ಪಕ್ಕಕ್ಕೆ ತೆಗೆದಿಟ್ಟ ದುಡ್ಡು.

ಈ ಎಪಿಸೋಡನ್ನ ಮಂಗಳವಾರ ಬಂತು ಅಂದ್ರೆ ಊಟ ಬಿಟ್ಟು ಫೋನ್ ನೋಡ್ತಾ ಕೂರೋ ಒಬ್ಬ ಗೆಳೆಯನಿಗೋ ಗೆಳತಿಗೋ ಕಳಿಸಿ. ಬುದ್ಧಿ ಹೇಳಬೇಡಿ, ಕಥೆ ಅಂತ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.