ಸ್ಟಿಕ್ಕರ್ ಒಂದೇ, ದನಿ ಹಲವು

ಹಳೆಯ ಗಿಬ್ಸನ್ ಗಿಟಾರಿನ ನಾದ ಬೇಕೆಂದು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಹೊಸ ಪಿಕಪ್ ಹುಡುಕುವವರು ‘ಪಿಎಎಫ್’ (‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬ ಇಂಗ್ಲಿಷ್ ಸ್ಟಿಕ್ಕರಿನ ಮೊದಲಕ್ಷರಗಳು) ಎಂದರೆ ಒಂದೇ ಖಚಿತ ದನಿ ಎಂದು ನಂಬಿಬಿಡುತ್ತಾರೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇಥ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಹಂಬಕರ್ ಪಿಕಪ್, ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಎರಡು ಸುರುಳಿಗಳಿಂದ ಅಡಗಿಸಿತು, ನಿಜ. ಆದರೆ ಗಿಬ್ಸನ್‌ನ ಕ್ಯಾಲಮಜೂ ಕಾರ್ಖಾನೆಯಲ್ಲಿ ತಂತಿಯ ಸುತ್ತುಗಳ ಲೆಕ್ಕ ಬಿಗಿಯಾಗಿರಲಿಲ್ಲ, ಆಲ್ನಿಕೋ ಅಯಸ್ಕಾಂತದ ದರ್ಜೆಯೂ ಬದಲಾಗುತ್ತಿತ್ತು. ಸುತ್ತುಗಳ ವ್ಯತ್ಯಾಸದಿಂದಾಗಿ ಒಂದು ಪಿಕಪ್ಪಿನ ರೋಧ 7 ಕಿಲೋಓಮ್ ಆಸುಪಾಸು, ಇನ್ನೊಂದರದು 9ರ ಹತ್ತಿರ. ಸುರುಳಿಗಳೆರಡೂ ಸಮನಾಗಿಲ್ಲದಿದ್ದರೆ ಗದ್ದಲ ತುಸು ಉಳಿಯುತ್ತದೆ, ಮೇಲಿನ ಸ್ವರಗಳಿಗೆ ಹರಿತ ಬರುತ್ತದೆ.

ಎಲ್ಲದರ ಸರಾಸರಿ ತೆಗೆದು ನಕಲು ಮಾಡಬಹುದಲ್ಲ ಎಂಬ ವಾದವಿದೆ. ಆದರೆ ಕೇಳುಗರ ಕಿವಿಯಲ್ಲಿ ನಿಂತದ್ದು ಸರಾಸರಿಯಲ್ಲ, ಒಂದೊಂದು ಬಿಡಿ ವಾದ್ಯ. ಆದ್ದರಿಂದ ಯಾವ ಧ್ವನಿಮುದ್ರಣದ ದನಿ ಬೇಕೆಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಸುರುಳಿಗಳ ಅಸಮತೆ, ಅಯಸ್ಕಾಂತಗಳನ್ನು ವಿಚಾರಿಸುವುದೇ ಸರಿ.